ನೀತಿಗೂ ಪರೀಕ್ಷೆ ಇದೆಯಾ ಸಾರ್?

ಶ್ರವಣಬೆಳಗೊಳಕ್ಕೆ ಬಂದವರು ದೊಡ್ಡಬೆಟ್ಟ ಹತ್ತುತ್ತಾರೆ, ಗೊಮ್ಮಟನನ್ನು ನೋಡುತ್ತಾರೆ, ಇಳಿದು ಬಂದು ಎಳನೀರು ಕುಡಿದು ಬಸ್ ಹಿಡಿಯುತ್ತಾರೆ. ಎದುರಿನ ಚಿಕ್ಕಬೆಟ್ಟದ ಆಚೆ, ನಡೆದೇ ಹೋಗಬಹುದಾದ ದೂರದಲ್ಲಿ ಜಿನನಾಥಪುರ ಅಂತ ಒಂದು ಹಳ್ಳಿ ಇದೆ. ಅಲ್ಲಿಗೆ ಹೋಗುವವರು ಕಡಿಮೆ. 1200ರ ಸುಮಾರಿಗೆ ರೇಚಣ ದಂಡನಾಯಕ ಕಟ್ಟಿಸಿದ ಶಾಂತಿನಾಥ ಬಸದಿ ಅಲ್ಲಿದೆ. ಹೊಯ್ಸಳರ ಕೆತ್ತನೆ ನೋಡಬೇಕೆಂದರೆ ಬೇಲೂರಿಗೇ ಹೋಗಬೇಕಿಲ್ಲ, ಇದರ ಹೊರಗೋಡೆ ಸುತ್ತಿದರೂ ಸಾಕು.

ಒಂದು ಭಾನುವಾರ ಬೆಳಗ್ಗೆ ನಾನು ಆ ಬಸದಿಯ ಪಕ್ಕ ನೋಟ್‌ಬುಕ್ ಹಿಡಿದು ಕೂತಿದ್ದೆ. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು ನಿಂತರು.

"ಟೀವಿಯವ್ರಲ್ವಾ ನೀವು? ಕ್ಯಾಮೆರಾ ಎಲ್ಲಿ?"

"ಇಲ್ಲ ಯಜಮಾನ್ರೇ, ಓದ್ಕೊಳ್ಳೋಕೆ ಬಂದಿದೀನಿ. ಪರೀಕ್ಷೆ ಇದೆ."

"ಈ ವಯಸ್ಸಲ್ಲಾ? ಯಾತರ ಪರೀಕ್ಷೆ?"

"ನೀತಿಶಾಸ್ತ್ರದ್ದು."

ಅವರು ಜೋರಾಗಿ ನಕ್ಕರು. "ನೀತಿಗೂ ಪರೀಕ್ಷೆ ಮಡಗವ್ರಾ ಸಾರ್? ಅದು ಇದ್ರೆ ಇರ್ತದೆ, ಇಲ್ದಿದ್ರೆ ಇಲ್ಲ. ಓದ್ಬುಟ್ರೆ ಬರ್ತದಾ?"

ನ್ಯಾಯವಾದ ಪ್ರಶ್ನೆ. ಕೆಲಸ ಬಿಡದೆ, ರಾತ್ರಿ ಬುಲೆಟಿನ್ ಮುಗಿಸಿ, ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಹೆಸರು ಬರೆಸಿದಾಗ ನನ್ನ ಸಹೋದ್ಯೋಗಿಗಳೂ ಇದನ್ನೇ ಕೇಳಿದ್ದರು. ಉತ್ತರ ಹೇಳಬೇಕೆಂದರೆ ಎರಡು ಘಟನೆ ಹೇಳಬೇಕು.

ಮೊದಲನೆಯದು 2015ರ ಆಗಸ್ಟ್. ಸಲ್ಲೇಖನ ಅಂದರೆ ಆತ್ಮಹತ್ಯೆ ಅಂತ ರಾಜಸ್ಥಾನ ಹೈಕೋರ್ಟ್ ಆ ತಿಂಗಳ 10ರಂದು ತೀರ್ಪು ಕೊಟ್ಟಿತು. ದೇಶದ ಜೈನರು ಮೌನ ಮೆರವಣಿಗೆ ಮಾಡಿದರು. 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನಾವೂ ಚರ್ಚೆ ಮಾಡಿದೆವು. ಸ್ಟುಡಿಯೋದಲ್ಲಿದ್ದ ಹಿರಿಯ ವಿದ್ವಾಂಸರೊಬ್ಬರಿಗೆ ನಾನು ಕೇಳಿದೆ: "ಒಂದೇ ಮಾತಲ್ಲಿ ಹೇಳಿ ಸಾರ್, ಆತ್ಮಹತ್ಯೆಯೋ, ಅಲ್ಲವೋ?" ಅವರು "ಒಂದು ನಿಮಿಷ, ಮೊದಲು ಆ ಪ್ರಶ್ನೆಯನ್ನೇ..." ಅಂದರು. ನಾನು ಬ್ರೇಕ್ ತೆಗೆದುಕೊಂಡೆ. ಬ್ರೇಕ್ ಮುಗಿದ ಮೇಲೆ ಬೇರೆಯವರ ಕಡೆ ತಿರುಗಿದೆ.

ಎರಡನೆಯದು ಅದಾಗಿ ಕೆಲವು ವರ್ಷಗಳ ಮೇಲೆ. ನನ್ನ ಅಪ್ಪ ಐಸಿಯುನಲ್ಲಿದ್ದರು. ಡಾಕ್ಟರು ಹೊರಗೆ ಬಂದು ಮೆತ್ತಗೆ ಕೇಳಿದರು: "ವೆಂಟಿಲೇಟರ್ ಮುಂದುವರಿಸೋಣವಾ? ಮನೆಯವರು ಏನ್ ಹೇಳ್ತೀರಿ?" ಅದೇ ಪ್ರಶ್ನೆ ನೋಡಿ, ಹೌದೋ, ಅಲ್ಲವೋ. ದಿನಾ ರಾತ್ರಿ ಮಂತ್ರಿಗಳನ್ನು ಹೀಗೆ ಕೇಳುತ್ತಿದ್ದ ನನಗೆ ಬಾಯಿ ಕಟ್ಟಿತು. ಅಕ್ಕ ಒಂದು ಹೇಳಿದಳು, ತಮ್ಮ ಇನ್ನೊಂದು ಹೇಳಿದ. ಅಪ್ಪನಿಗೆ ಏನು ಬೇಕಿತ್ತು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಮೂರನೇ ದಿನ ಅವರೇ ಹೋದರು. ತೀರ್ಮಾನ ಮಾಡುವ ಕಷ್ಟ ತಪ್ಪಿತಲ್ಲ ಅಂತ ಒಂದು ಕ್ಷಣ ಸಮಾಧಾನ ಆಯ್ತು. ಆ ಸಮಾಧಾನಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಓದಬೇಕು ಅನ್ನಿಸಿದ್ದು ಅದಕ್ಕೇ.

ಹಾಗಾದರೆ ಏನಿದು ಪ್ರಾಯೋಗಿಕ ನೀತಿಶಾಸ್ತ್ರ? "ಒಳ್ಳೆಯದು ಅಂದರೇನು" ಅಂತ ತತ್ವಶಾಸ್ತ್ರ ಸಾವಿರಾರು ವರ್ಷಗಳಿಂದ ಕೇಳುತ್ತಿದೆ. ಇದು ಅದರ ಒಂದು ಕವಲು. ಇಲ್ಲಿ ಪ್ರಶ್ನೆ ಕೆಳಗಿಳಿದು ಆಸ್ಪತ್ರೆಗೆ, ಕೋರ್ಟಿಗೆ, ಕಚೇರಿಗೆ, ನ್ಯೂಸ್‌ರೂಮಿಗೆ ಬರುತ್ತದೆ. ಒಂದೇ ವೆಂಟಿಲೇಟರ್, ಇಬ್ಬರು ರೋಗಿಗಳು, ಯಾರಿಗೆ? ಸತ್ತವನ ತಾಯಿಯ ಅಳು ಸುದ್ದಿಯಾ, ಅವಳ ಖಾಸಗಿ ದುಃಖವಾ? 1979ರಲ್ಲಿ ಆಸ್ಟ್ರೇಲಿಯಾದ ಪೀಟರ್ ಸಿಂಗರ್ 'ಪ್ರಾಕ್ಟಿಕಲ್ ಎಥಿಕ್ಸ್' ಅಂತಲೇ ಪುಸ್ತಕ ಬರೆದರು. ಅದೇ ವರ್ಷ ಅಮೆರಿಕದ ಬೋಚಂಪ್ ಮತ್ತು ಚಿಲ್ಡ್ರೆಸ್ ವೈದ್ಯರಿಗೆ ನಾಲ್ಕು ಅಳತೆಗೋಲು ಕೊಟ್ಟರು: ರೋಗಿಯ ಸ್ವಂತ ನಿರ್ಧಾರವನ್ನು ಗೌರವಿಸು, ಒಳಿತು ಮಾಡು, ಕೆಡುಕು ಮಾಡಬೇಡ, ಎಲ್ಲರಿಗೂ ನ್ಯಾಯವಾಗಿ ಹಂಚು. ಕೇಳೋದಕ್ಕೆ ಸಲೀಸು. ಒಂದಕ್ಕೊಂದು ತಾಕಲಾಡಿದಾಗ ಶುರುವಾಗೋದೇ ಈ ಓದು.

ನಮ್ಮ ಅರುಣಾ ಶಾನಭಾಗ್ ವಿಷಯ ತಗೊಳ್ಳಿ. ಹೊನ್ನಾವರ ತಾಲ್ಲೂಕಿನ ಹಳದೀಪುರದ ಹೆಣ್ಣುಮಗಳು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಅದೇ ಆಸ್ಪತ್ರೆಯಲ್ಲಿ ಆಕೆಯ ಮೇಲೆ ಅತ್ಯಾಚಾರ ನಡೆಯಿತು. ಮಿದುಳಿಗೆ ಪೆಟ್ಟಾಗಿ 41 ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಹಾಸಿಗೆಯಲ್ಲಿದ್ದರು. ಆಹಾರ ನಿಲ್ಲಿಸಿ ಆಕೆಯನ್ನು ಹೋಗಲು ಬಿಡಿ ಅಂತ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಬೇಡ, ನಾವು ನೋಡಿಕೊಳ್ಳುತ್ತೇವೆ ಅಂತ ಆಸ್ಪತ್ರೆಯ ಸಿಬ್ಬಂದಿ ನಿಂತರು. 2011ರ ಮಾರ್ಚ್ 7ರಂದು ಕೋರ್ಟ್ ಅರ್ಜಿ ವಜಾ ಮಾಡಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ದಿನಾ ಮೈ ಒರೆಸಿ ಊಟ ಮಾಡಿಸುವವರಿಗೆ ಇದೆ ಅಂದಿತು. ಆದರೆ ಅದೇ ತೀರ್ಪು, ಕಟ್ಟುನಿಟ್ಟಿನ ಷರತ್ತಿನ ಮೇಲೆ ಚಿಕಿತ್ಸೆ ನಿಲ್ಲಿಸುವ ದಾರಿಯನ್ನೂ ದೇಶಕ್ಕೆ ತೆರೆಯಿತು. 2015ರ ಮೇ 18ರಂದು ಅರುಣಾ ತೀರಿಕೊಂಡರು.

ಇಬ್ಬರ ಕಡೆಯೂ ಪ್ರೀತಿ ಇತ್ತು. ಹಾಗಿದ್ದರೆ ಜಗಳ ಯಾವುದರ ಮೇಲೆ? ಆಕೆಯ ಪರವಾಗಿ ಮಾತಾಡೋರು ಯಾರು ಅನ್ನೋದರ ಮೇಲೆ. ಟೀವಿಯಲ್ಲಿ ನಾವು "ದಯಾಮರಣ ಸರಿಯೋ ತಪ್ಪೋ" ಅಂತ ಬ್ಯಾನರ್ ಹಾಕಿ ಕೂರುತ್ತೇವೆ. ತರಗತಿಯಲ್ಲಿ ಮೊದಲು ಕಲಿಸಿದ್ದು ಒಂದು ಪ್ರಶ್ನೆಯ ಹೊಟ್ಟೆಯಲ್ಲಿರುವ ನಾಲ್ಕು ಪ್ರಶ್ನೆಗಳನ್ನು ಬಿಡಿಸಿ ಇಡೋದನ್ನ.

ನಾನು ಜಿನನಾಥಪುರಕ್ಕೆ ಬಂದಿದ್ದೂ ಅಂಥದೊಂದು ಪ್ರಬಂಧಕ್ಕೆ. ನಿಯಮ ಹೀಗಿತ್ತು: ನೀವು ಒಪ್ಪದ ವಾದವನ್ನು, ಅದನ್ನು ಒಪ್ಪುವವರೇ "ಹೌದು, ನಾವು ಹೇಳೋದು ಇದನ್ನೇ" ಅನ್ನುವಷ್ಟು ಗಟ್ಟಿಯಾಗಿ ಬರೆಯಿರಿ. ಆಮೇಲೆ ಬೇಕಾದರೆ ಖಂಡಿಸಿ. ನಾನು ಸಲ್ಲೇಖನ ತೆಗೆದುಕೊಂಡೆ, 2015ರ ಸಾಲ ತೀರಿಸಬೇಕಿತ್ತು.

ಈ ಊರನ್ನು 1117ರ ಸುಮಾರಿಗೆ ಕಟ್ಟಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ. 1120ರಲ್ಲಿ ಅವನ ತಾಯಿ ಪೋಚಿಕಬ್ಬೆ ವ್ರತ ಹಿಡಿದು ದೇಹ ಬಿಟ್ಟಳು. ಮರುವರ್ಷ ಹೆಂಡತಿ ಲಕ್ಷ್ಮಿಯೂ ಹಾಗೇ ಹೋದಳು. ಇಬ್ಬರ ನೆನಪಿಗೂ ಬೆಳಗೊಳದಲ್ಲಿ ಶಾಸನಗಳಿವೆ. ಚಿಕ್ಕಬೆಟ್ಟದಲ್ಲಂತೂ ಆರು, ಏಳನೇ ಶತಮಾನದಿಂದಲೇ ಇಂಥ ನೂರಾರು ಸಾವುಗಳನ್ನು ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಇತಿಹಾಸಕಾರ ಷ. ಶೆಟ್ಟರ್ ಇದರ ಮೇಲೆ ದೊಡ್ಡ ಕೆಲಸವನ್ನೇ ಮಾಡಿದರು.

ಜೈನರ ವಾದ ಇದು: ವಾಸಿಯಾಗದ ರೋಗ, ಮುಪ್ಪು, ಬರ, ತಪ್ಪಿಸಿಕೊಳ್ಳಲಾಗದ ವಿಪತ್ತು, ಇಂಥ ಹೊತ್ತಲ್ಲಿ ಮಾತ್ರ ಈ ವ್ರತ. ಗುರುವಿನ ಒಪ್ಪಿಗೆ ಬೇಕು. ಆಹಾರ ಬಿಡೋದು ಹಂತಹಂತವಾಗಿ. ಮುಖ್ಯವಾಗಿ, ಬೇಗ ಸಾಯಬೇಕು ಅಂತ ಆಸೆಪಟ್ಟರೆ ಅದೇ ವ್ರತಭಂಗ. ಇನ್ನೂ ಬದುಕಬೇಕು ಅಂತ ಆಸೆಪಟ್ಟರೂ ವ್ರತಭಂಗವೇ. ಆತ್ಮಹತ್ಯೆ ಮಾಡಿಕೊಳ್ಳುವವನಿಗೆ ಸಾವು ಬೇಕಾಗಿರುತ್ತೆ, ಇವರಿಗೆ ಅದೂ ಬೇಡ. ಅವತ್ತು ಸ್ಟುಡಿಯೋದಲ್ಲಿ ಆ ವಿದ್ವಾಂಸರು ಕೇಳಿದ ಒಂದು ನಿಮಿಷ ಬಹುಶಃ ಇದಕ್ಕೇ ಇರಬೇಕು.

ಎದುರು ವಾದವೂ ಬಡವಾದದ್ದಲ್ಲ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಆ ದುಃಖ ತಾಳದೆ ಅವಳ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ತಿಂಗಳು ಉಪವಾಸವಿದ್ದು ಪ್ರಾಣಬಿಟ್ಟಳು ಅನ್ನುತ್ತೆ ಶಾಸನ. ಇದು ವ್ರತವಾ, ಮಗಳನ್ನು ಕಳೆದುಕೊಂಡ ಸಂಕಟವಾ? ಮನೆಯವರಿಗೆ ಕೀರ್ತಿ ಬರುತ್ತೆ ಅನ್ನುವಾಗ ಮುದುಕಿಯೊಬ್ಬಳು "ನನಗೆ ಹಸಿವಾಗ್ತಿದೆ, ವ್ರತ ಬೇಡ" ಅಂದರೆ ಕೇಳಿಸಿಕೊಳ್ಳುವವರು ಯಾರು? ಎರಡೂ ಕಡೆ ಬರೆದು ಮುಗಿಸಿದಾಗ ನನ್ನ ಅಭಿಪ್ರಾಯ ಪೂರ್ತಿ ಬದಲಾಗಲಿಲ್ಲ. ಆದರೆ "ಒಂದೇ ಮಾತಲ್ಲಿ ಹೇಳಿ" ಅನ್ನುವ ಧೈರ್ಯ ಹೋಯಿತು.

ಇನ್ನು ಎಲ್ಲಿ ಓದೋದು ಅಂತ ಕೇಳುವವರಿಗೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಕ್ಟಿಕಲ್ ಎಥಿಕ್ಸ್ ಹೆಸರಲ್ಲೇ ಎರಡು ವರ್ಷದ ಅರೆಕಾಲಿಕ ಸ್ನಾತಕೋತ್ತರ ಪದವಿ ಇದೆ. ಅಷ್ಟು ದೂರ ಹೋಗಬೇಕಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ವೈದ್ಯಕೀಯ ಕಾನೂನು ಮತ್ತು ನೀತಿಶಾಸ್ತ್ರದಲ್ಲಿ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ನಡೆಸಿಕೊಂಡು ಬಂದಿದೆ. ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ಕೇಂದ್ರವಿದೆ, ಅಲ್ಲೂ ಜೈವಿಕ ನೀತಿಶಾಸ್ತ್ರದ ಡಿಪ್ಲೊಮಾ ಕೊಡುತ್ತಾರೆ. ಸೇರುವ ಮುಂಚೆ ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ, ಶುಲ್ಕ ಮತ್ತು ಅರ್ಹತೆ ಬದಲಾಗುತ್ತಿರುತ್ತವೆ.

ಪೂರ್ಣಾವಧಿ ಯಾಕಲ್ಲ, ಅರೆಕಾಲಿಕ ಯಾಕೆ ಅಂದರೆ, ಈ ವಿಷಯಕ್ಕೆ ನಾವು ಮಾಡುವ ಕೆಲಸವೇ ಪ್ರಯೋಗಶಾಲೆ. ರಾತ್ರಿ ಓದಿದ್ದು ಬೆಳಗ್ಗೆ ಎದುರಿಗೆ ಬಂದು ನಿಲ್ಲುತ್ತೆ. ನರ್ಸು, ತಹಸೀಲ್ದಾರರು, ಪೊಲೀಸರು, ಪತ್ರಕರ್ತರು, ಇನ್ನೊಬ್ಬರ ಬದುಕಿನ ಮೇಲೆ ಕೈಯಾಡಿಸುವ ಯಾರಿಗೇ ಆಗಲಿ ಇದು ಬೇಕು. ಒಂದು ಕೊರತೆ ಮಾತ್ರ ಹೇಳಲೇಬೇಕು. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಐಸಿಯು ಬಾಗಿಲಲ್ಲಿ ಪ್ರಶ್ನೆ ಬರೋದು ಕನ್ನಡದಲ್ಲಿ.

ಆ ಪ್ರಶ್ನೆಗೆ ಈಗ ಕಾನೂನು ಒಂದು ದಾರಿ ಕೊಟ್ಟಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಜೀವಂತ ಉಯಿಲನ್ನು ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳ ಮಾಡಿತು. ಬುದ್ಧಿ ಸ್ವಾಧೀನದಲ್ಲಿರುವ ಯಾವ ವಯಸ್ಕರಾದರೂ ತಮ್ಮ ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ, ತಮ್ಮ ಪರವಾಗಿ ಮಾತಾಡೋರು ಯಾರು ಅಂತ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬಹುದು. ಹಾಗಂತ ಇಂಜೆಕ್ಷನ್ ಕೊಟ್ಟು ಸಾಯಿಸೋದಲ್ಲ. ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಿದ ಮೇಲೆ, ಪ್ರಯೋಜನವಿಲ್ಲದ ಚಿಕಿತ್ಸೆಯನ್ನು ನಿಲ್ಲಿಸೋದು ಅಷ್ಟೇ. ಇದನ್ನು ಜಾರಿ ಮಾಡಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು.

ಇದನ್ನೆಲ್ಲ ಆ ಯಜಮಾನರಿಗೆ ನನಗೆ ತಿಳಿದಷ್ಟು ಹೇಳಿದೆ. ಎಮ್ಮೆ ಅದರ ಪಾಡಿಗೆ ಮೇಯುತ್ತಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ನಮ್ಮವ್ವ ಕೊನೇಗೆ ಗಂಜೀನೂ ಬ್ಯಾಡ ಅಂದ್ಲು. ನಾವು ಜೈನ್ರಲ್ಲ ಸಾರ್, ಒಕ್ಕಲು ಮಕ್ಳು. ಬಲವಂತವಾಗಿ ಬಾಯ್ಬಿಡ್ಸಿ ಕುಡುಸ್ದೋ. ಮಾಡಿದ್ದು ಸರಿನಾ ತಪ್ಪಾ? ನಿಮ್ ಪುಸ್ತಕದಲ್ಲಿ ಐತಾ?"

"ಇಲ್ಲ," ಅಂದೆ. "ಯಾಕೆ ಬೇಡ ಅಂತ ಅವರನ್ನ ಕೇಳಿದ್ರಾ?"

"ಕೇಳ್ಬೇಕಾಗಿತ್ತು," ಅಂದು ಎಮ್ಮೆಯ ಕಡೆ ನಡೆದರು.

ಪರೀಕ್ಷೆ ಬರೆದೆ, ಪಾಸಾದೆ. ಅಂಕದ ಮಾತು ಬೇಡ. ಮುಂದಿನ ಭಾನುವಾರ ಅಮ್ಮನ ಮುಂದೆ ಕೂತು, ತಡವರಿಸಿಕೊಂಡೇ ಕೇಳಿದೆ: "ಅಮ್ಮಾ, ಅಪ್ಪನ ಥರ ನಿನಗೆ ಆದರೆ ನಾವು ಏನು ಮಾಡಬೇಕು?" ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಹುಣಸೆಹಣ್ಣಿನ ನಾರು ಬಿಡಿಸುತ್ತಾ, "ಈಗಲಾದ್ರೂ ಕೇಳಿದ್ಯಲ್ಲ" ಅಂದಳು. ಆಮೇಲೆ ಎರಡು ಗಂಟೆ ಮಾತಾಡಿದಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ.