ಧರ್ಮದರ್ಶಿತ್ವ

ಧರ್ಮದರ್ಶಿತ್ವ ಅಥವಾ ಟ್ರಸ್ಟೀಶಿಪ್ ಎಂಬುದು ಮಹಾತ್ಮ ಗಾಂಧಿಯವರು ಪ್ರತಿಪಾದಿಸಿದ ಆರ್ಥಿಕ ಹಾಗೂ ನೈತಿಕ ಸಿದ್ಧಾಂತ. ಗಿರಣಿ, ಕಾರ್ಖಾನೆ, ಜಮೀನು ಮೊದಲಾದ ಸಂಪತ್ತನ್ನು ಹೊಂದಿರುವವರು ಅದರ ಪೂರ್ಣ ಒಡೆಯರಲ್ಲ, ಸಮಾಜದ ಪರವಾಗಿ ಅದನ್ನು ನೋಡಿಕೊಳ್ಳುವವರು ಮಾತ್ರ ಎಂಬುದು ಇದರ ತಿರುಳು. ಕನ್ನಡದಲ್ಲಿ ಈ ಸಿದ್ಧಾಂತಕ್ಕೆ ಬಳಕೆಯಾಗುವ ಹೆಸರು ದೇವಸ್ಥಾನಗಳ ಆಡಳಿತದಲ್ಲಿ ರೂಢಿಯಲ್ಲಿರುವ ಪದದಿಂದ ಬಂದಿದೆ. ಧರ್ಮದರ್ಶಿಯಾದವನು ದೇವಸ್ಥಾನದ ಆಸ್ತಿಯನ್ನು ನಿರ್ವಹಿಸುತ್ತಾನೆಯೇ ಹೊರತು ಅದನ್ನು ತನ್ನದೆಂದು ಅನುಭವಿಸುವಂತಿಲ್ಲ, ಮಕ್ಕಳಿಗೆ ಹಂಚುವಂತಿಲ್ಲ. ಉದ್ಯಮದ ಮಾಲೀಕನ ಸ್ಥಾನವೂ ಅಂತಹುದೇ ಎಂದು ಈ ಸಿದ್ಧಾಂತ ಹೇಳುತ್ತದೆ.

ಬಂಡವಾಳಗಾರರು ಮತ್ತು ಕಾರ್ಮಿಕರ ನಡುವಿನ ವೈರವನ್ನು ಹಿಂಸೆಯಿಲ್ಲದೆ, ಮಾಲೀಕರ ಮನಃಪರಿವರ್ತನೆಯ ಮೂಲಕ ಬಗೆಹರಿಸುವುದು ಇದರ ಉದ್ದೇಶ. ಮಾಲೀಕನ ಮನಸ್ಸು ಪರಿವರ್ತನೆಯಾಗದಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆಯು ಈ ಸಿದ್ಧಾಂತದ ಕುರಿತ ಚರ್ಚೆಯ ಕೇಂದ್ರದಲ್ಲಿದೆ.

ಹಿನ್ನೆಲೆ

ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಈ ಚಿಂತನೆಯ ಎರಡು ಮೂಲಗಳನ್ನು ಗುರುತಿಸಿದ್ದಾರೆ. ಮೊದಲನೆಯದು ಭಗವದ್ಗೀತೆಯ ಅಪರಿಗ್ರಹ ಮತ್ತು ಸಮಭಾವದ ಕಲ್ಪನೆ. ಎರಡನೆಯದು ಇಂಗ್ಲೆಂಡಿನಲ್ಲಿ ಕಾನೂನು ಕಲಿಯುವಾಗ ಓದಿದ, ಸ್ನೆಲ್ ಎಂಬ ಗ್ರಂಥಕಾರನ ನ್ಯಾಯಶಾಸ್ತ್ರದ ಪುಸ್ತಕ. ಅಪಾರ ಸಂಪತ್ತು ಕೈಯಲ್ಲಿದ್ದರೂ ಅದರ ಒಂದು ಕಾಸನ್ನೂ ತನ್ನದೆಂದು ಭಾವಿಸದ ಟ್ರಸ್ಟಿಯ ಚಿತ್ರ ಅವರಿಗೆ ಅಲ್ಲಿ ದೊರೆಯಿತು. ಗೀತೆಯ ಅಪರಿಗ್ರಹವನ್ನು ಲೌಕಿಕ ಜೀವನದಲ್ಲಿ ಪಾಲಿಸುವ ಮಾರ್ಗವಾಗಿ ಅವರು ಈ ಚಿತ್ರವನ್ನು ಅರ್ಥೈಸಿಕೊಂಡರು.

೧೯೦೪ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ರೈಲಿನಲ್ಲಿ ಹೋಗುವಾಗ ಓದಿದ ಜಾನ್ ರಸ್ಕಿನ್‌ನ 'ಅನ್‌ಟು ದಿಸ್ ಲಾಸ್ಟ್' ಕೃತಿಯೂ ಗಾಂಧಿಯವರ ಮೇಲೆ ಆಳವಾದ ಪ್ರಭಾವ ಬೀರಿತು. ಕೆಲಸಗಾರ ಮತ್ತು ಒಡೆಯನ ಸಂಬಂಧವನ್ನು ಕೇವಲ ಮಾರುಕಟ್ಟೆಯ ದರದಿಂದ ಅಳೆಯಲಾಗದು ಎಂಬುದು ಈ ಕೃತಿಯ ವಾದ. ೧೯೦೮ರಲ್ಲಿ ಅವರು ಇದನ್ನು 'ಸರ್ವೋದಯ' ಎಂಬ ಹೆಸರಿನಲ್ಲಿ ಗುಜರಾತಿಗೆ ಸಂಗ್ರಹಿಸಿ ತಂದರು. ಮುಂದಿನ ವರ್ಷಗಳಲ್ಲಿ ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರವನ್ನೂ ತಮ್ಮ ನಿಲುವಿಗೆ ಆಧಾರವಾಗಿ ಅವರು ಉಲ್ಲೇಖಿಸುತ್ತಿದ್ದರು.

ಅಹಮದಾಬಾದ್ ಗಿರಣಿ ಮುಷ್ಕರ

ಮಾಲೀಕರ ನೈತಿಕತೆ ಮತ್ತು ಕಾರ್ಮಿಕರ ಅಸಮಾಧಾನ ಮುಖಾಮುಖಿಯಾದ ಮಹತ್ವದ ಪ್ರಸಂಗ ೧೯೧೮ರ ಅಹಮದಾಬಾದ್ ಬಟ್ಟೆ ಗಿರಣಿಗಳ ಮುಷ್ಕರ. ೧೯೧೭ರಲ್ಲಿ ನಗರಕ್ಕೆ ಪ್ಲೇಗ್ ಬಂದಾಗ ಕಾರ್ಮಿಕರು ಊರು ಬಿಟ್ಟು ಹೋಗದಂತೆ ತಡೆಯಲು ಗಿರಣಿ ಮಾಲೀಕರು ವಿಶೇಷ 'ಪ್ಲೇಗ್ ಬೋನಸ್' ನೀಡತೊಡಗಿದರು. ಕೆಲವು ಕಡೆ ಇದು ಕೂಲಿಯ ಶೇಕಡಾ ೭೦ನ್ನೂ ಮೀರಿತ್ತು. ರೋಗ ಇಳಿಮುಖವಾದ ಮೇಲೆ ಮಾಲೀಕರು ಈ ಬೋನಸ್ಸನ್ನು ನಿಲ್ಲಿಸಲು ಹೊರಟರು. ಮಹಾಯುದ್ಧದ ಕಾರಣ ಬೆಲೆಗಳು ಏರಿದ್ದುದರಿಂದ ನೇಯ್ಗೆ ವಿಭಾಗದ ಕಾರ್ಮಿಕರು ಕೂಲಿಯಲ್ಲಿ ಶೇಕಡಾ ೫೦ರಷ್ಟು ಹೆಚ್ಚಳ ಕೇಳಿದರು. ಮಾಲೀಕರು ಶೇಕಡಾ ೨೦ಕ್ಕಿಂತ ಹೆಚ್ಚು ಕೊಡಲು ಒಪ್ಪಲಿಲ್ಲ. ಲೆಕ್ಕಪತ್ರಗಳನ್ನು ಪರಿಶೀಲಿಸಿದ ಗಾಂಧಿಯವರು ಶೇಕಡಾ ೩೫ ನ್ಯಾಯವಾದ ಹೆಚ್ಚಳವೆಂದು ನಿರ್ಧರಿಸಿದರು. ಕಾರ್ಮಿಕರು ಅದನ್ನು ಒಪ್ಪಿಕೊಂಡರು.

ಈ ವಿವಾದದಲ್ಲಿ ಒಂದೇ ಮನೆಯವರು ಎರಡು ಪಕ್ಷಗಳಲ್ಲಿದ್ದರು. ಗಿರಣಿ ಮಾಲೀಕರ ನಾಯಕತ್ವ ವಹಿಸಿದ್ದವರು ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಪರವಾಗಿ ನಿಂತವರು ಅವರ ಅಕ್ಕ ಅನಸೂಯಾ ಸಾರಾಭಾಯಿ. ಅಂಬಾಲಾಲರು ಗಾಂಧಿಯವರಿಗೂ ಆಪ್ತರು. ಅಸ್ಪೃಶ್ಯರೆನಿಸಿದ್ದ ಕುಟುಂಬವೊಂದನ್ನು ಆಶ್ರಮಕ್ಕೆ ಸೇರಿಸಿಕೊಂಡ ಕಾರಣ ೧೯೧೫ರಲ್ಲಿ ದಾನಿಗಳು ಹಿಂದೆ ಸರಿದಾಗ ಒಬ್ಬ ಶೇಟ್ ೧೩,೦೦೦ ರೂಪಾಯಿ ಕೊಟ್ಟು ಹೋದ ಸಂಗತಿ ಆತ್ಮಕಥೆಯಲ್ಲಿದೆ. ಆ ದಾನಿ ಅಂಬಾಲಾಲರೇ ಎಂದು ಚರಿತ್ರಕಾರರು ಗುರುತಿಸುತ್ತಾರೆ. ಆಶ್ರಮಕ್ಕೆ ಉದಾರವಾಗಿ ನೆರವಾದ ಮಾಲೀಕರೇ ತಮ್ಮ ಗಿರಣಿಯ ಕೂಲಿಯ ವಿಷಯದಲ್ಲಿ ಬಿಗಿಯಾಗಿ ನಿಂತಿದ್ದರು. ಮೂರನೆಯವರು ಬಂದು ಕೂಲಿ ನಿಗದಿ ಮಾಡುವುದನ್ನು ಮಾಲೀಕರು ಒಪ್ಪುತ್ತಿರಲಿಲ್ಲ.

೧೯೧೮ರ ಫೆಬ್ರವರಿ ೨೨ರಂದು ಮಾಲೀಕರು ಗಿರಣಿಗಳಿಗೆ ಬೀಗಮುದ್ರೆ ಹಾಕಿದರು. ಶೇಕಡಾ ೩೫ ಹೆಚ್ಚಳ ದೊರೆಯುವವರೆಗೆ ಕೆಲಸಕ್ಕೆ ಮರಳುವುದಿಲ್ಲ, ಹಿಂಸೆಗೆ ಇಳಿಯುವುದಿಲ್ಲ ಎಂದು ಕಾರ್ಮಿಕರು ಪ್ರತಿಜ್ಞೆ ಮಾಡಿದರು. ಸಾಬರಮತಿ ನದಿಯ ದಡದಲ್ಲಿ, ಜಾಲಿಮರದ ನೆರಳಿನಲ್ಲಿ ಪ್ರತಿದಿನ ಸಭೆಗಳು ನಡೆದವು. ಮಾರ್ಚ್ ೧೨ರಂದು ಮಾಲೀಕರು ಬೀಗಮುದ್ರೆ ತೆರೆದು, ಶೇಕಡಾ ೨೦ಕ್ಕೆ ಒಪ್ಪುವವರು ಕೆಲಸಕ್ಕೆ ಬರಬಹುದೆಂದು ಸಾರಿದರು. ಅಷ್ಟರಲ್ಲಿ ಕಾರ್ಮಿಕರ ಮನೆಗಳಲ್ಲಿ ಹಸಿವು ಕಾಣಿಸಿಕೊಂಡಿತ್ತು. ಮೋಟಾರಿನಲ್ಲಿ ಓಡಾಡುವ, ಹೊಟ್ಟೆತುಂಬ ಉಣ್ಣುವ ನಾಯಕರಿಗೆ ತಮ್ಮ ಕಷ್ಟ ತಿಳಿಯದು ಎಂಬ ಕಟುಮಾತು ಅವರಲ್ಲಿ ಕೇಳಿಬಂದಿತು. ಮಾರ್ಚ್ ೧೫ರಂದು ಗಾಂಧಿಯವರು ಉಪವಾಸ ಆರಂಭಿಸಿದರು. ಮಾರ್ಚ್ ೧೮ರಂದು ಒಪ್ಪಂದವಾಯಿತು. ಪ್ರತಿಜ್ಞೆಗೆ ಭಂಗ ಬರದಂತೆ ಮೊದಲ ದಿನ ಶೇಕಡಾ ೩೫, ಮಾಲೀಕರ ಮಾತು ಉಳಿಯುವಂತೆ ಎರಡನೆಯ ದಿನ ಶೇಕಡಾ ೨೦, ಅನಂತರ ಪಂಚತೀರ್ಮಾನ ಬರುವವರೆಗೆ ಶೇಕಡಾ ೨೭.೫ ಹೆಚ್ಚಳ ನೀಡುವುದೆಂದು ನಿಶ್ಚಯವಾಯಿತು. ಪಂಚರಾಗಿದ್ದ ಪ್ರೊ. ಆನಂದಶಂಕರ ಧ್ರುವ ಅವರು ಅಂತಿಮವಾಗಿ ಶೇಕಡಾ ೩೫ನ್ನೇ ಎತ್ತಿಹಿಡಿದರು.

ಈ ಉಪವಾಸವು ದೋಷರಹಿತವಾಗಿರಲಿಲ್ಲ ಎಂದು ಗಾಂಧಿಯವರೇ ಬರೆದಿದ್ದಾರೆ. ಅದು ಕಾರ್ಮಿಕರ ಪ್ರತಿಜ್ಞೆಯನ್ನು ಉಳಿಸಲು ಕೈಗೊಂಡದ್ದಾದರೂ ತಮ್ಮ ಮೇಲಿನ ಪ್ರೀತಿಯಿಂದ ಮಾಲೀಕರು ಬಗ್ಗಬೇಕಾಯಿತು, ಆದ್ದರಿಂದ ಅದರಲ್ಲಿ ಒತ್ತಾಯದ ಅಂಶವಿತ್ತು ಎಂಬುದು ಅವರ ವಿಮರ್ಶೆ. ೧೯೨೦ರಲ್ಲಿ ಅಹಮದಾಬಾದಿನಲ್ಲಿ 'ಮಜೂರ್ ಮಹಾಜನ ಸಂಘ' ಸ್ಥಾಪನೆಯಾಯಿತು. ವಿವಾದಗಳನ್ನು ಪಂಚಾಯಿತಿಯಿಂದ ಇತ್ಯರ್ಥಪಡಿಸುವ ಪದ್ಧತಿಗೆ ಈ ಸಂಘ ಹೆಸರಾಯಿತು.

ಸಿದ್ಧಾಂತದ ಮುಖ್ಯ ಅಂಶಗಳು

ಗಾಂಧಿಯವರ ವಾದದ ಪ್ರಕಾರ ಯಾವ ಧನಿಕನೂ ಒಬ್ಬಂಟಿಯಾಗಿ ಸಂಪತ್ತು ಗಳಿಸಲಾರ. ಕೆಲಸಗಾರರ ದುಡಿಮೆ ಮತ್ತು ಸಮಾಜದ ಸಹಕಾರವಿಲ್ಲದೆ ಗಿರಣಿ ನಡೆಯದು. ಆದುದರಿಂದ ತನ್ನ ನ್ಯಾಯವಾದ ಅಗತ್ಯಕ್ಕೆ ಬೇಕಾದಷ್ಟನ್ನು, ಅಂದರೆ ಸೇವೆಗೆ ತಕ್ಕ ಪ್ರತಿಫಲವನ್ನು ಇಟ್ಟುಕೊಂಡು ಉಳಿದುದನ್ನು ಸಮಾಜಕ್ಕಾಗಿ ಬಳಸುವುದು ಮಾಲೀಕನ ಕರ್ತವ್ಯ. ಉದ್ಯಮ ನಡೆಸುವ ಜಾಣ್ಮೆಯುಳ್ಳವರನ್ನು ನಾಶಪಡಿಸಿದರೆ ಸಮಾಜಕ್ಕೇ ನಷ್ಟ ಎಂದೂ ಅವರು ನಂಬಿದ್ದರು. ಸರ್ಕಾರವೇ ಎಲ್ಲ ಉದ್ಯಮಗಳನ್ನು ವಹಿಸಿಕೊಳ್ಳುವುದರ ಬಗ್ಗೆ ಅವರಿಗೆ ಭಯವಿತ್ತು. ಪ್ರಭುತ್ವವು ಸಂಘಟಿತ ಹಿಂಸೆಯ ರೂಪ ಎಂಬ ಅಭಿಪ್ರಾಯವನ್ನು ೧೯೩೪ರಲ್ಲಿ ನಿರ್ಮಲ್ ಕುಮಾರ್ ಬೋಸ್ ಅವರೊಂದಿಗಿನ ಮಾತುಕತೆಯಲ್ಲಿ ವ್ಯಕ್ತಪಡಿಸಿದ್ದಾರೆ. ಅದೇ ಸಂದರ್ಭದಲ್ಲಿ, ಅನಿವಾರ್ಯವಾದರೆ ಕನಿಷ್ಠ ಬಲಪ್ರಯೋಗದಿಂದ ಪ್ರಭುತ್ವವು ಆಸ್ತಿಯನ್ನು ವಶಪಡಿಸಿಕೊಳ್ಳುವುದನ್ನೂ ಅವರು ಒಪ್ಪಿದ್ದರು.

ಶ್ರೀಮಂತರು ಒಪ್ಪದಿದ್ದರೆ ಏನು ಎಂಬ ಪ್ರಶ್ನೆಗೆ ೧೯೪೦ರ ಆಗಸ್ಟ್‌ನಲ್ಲಿ 'ಹರಿಜನ' ಪತ್ರಿಕೆಯ ಲೇಖನದಲ್ಲಿ ಅವರು ಉತ್ತರಿಸಿದರು. ಬಡವರ ಸಹಕಾರವಿಲ್ಲದೆ ಸಂಪತ್ತು ಕೂಡುವುದಿಲ್ಲವಾದ್ದರಿಂದ ಅಹಿಂಸಾತ್ಮಕ ಅಸಹಕಾರವೇ ಬಡವರ ಕೈಯಲ್ಲಿರುವ ಉಪಾಯ ಎಂಬುದು ಆ ಉತ್ತರ. ಹೀಗಾಗಿ ಈ ಸಿದ್ಧಾಂತವು ಮಾಲೀಕನ ಒಳ್ಳೆಯತನವನ್ನು ಮಾತ್ರ ನೆಚ್ಚಿಕೊಂಡದ್ದಲ್ಲ.

ಗಾಂಧಿಯವರು ತಿದ್ದಿ ಒಪ್ಪಿದ ಧರ್ಮದರ್ಶಿತ್ವದ ಸೂತ್ರವೊಂದು ೧೯೫೨ರ ಅಕ್ಟೋಬರ್‌ನಲ್ಲಿ 'ಹರಿಜನ'ದಲ್ಲಿ ಪ್ರಕಟವಾಯಿತು. ಅದರ ಕರಡಿನೊಂದಿಗೆ ಅರ್ಥಶಾಸ್ತ್ರಜ್ಞ ಎಂ. ಎಲ್. ದಾಂತವಾಲಾ ಅವರ ಹೆಸರು ಸೇರಿಕೊಂಡಿದೆ. ಸೂತ್ರದ ಸಾರಾಂಶ ಹೀಗಿದೆ:

೧. ಇದು ಬಂಡವಾಳಶಾಹಿ ವ್ಯವಸ್ಥೆಯನ್ನು ಸಮಾನತೆಯ ವ್ಯವಸ್ಥೆಯಾಗಿ ಮಾರ್ಪಡಿಸುವ ಸಾಧನ. ಈಗಿನ ಮಾಲೀಕವರ್ಗಕ್ಕೆ ಸುಧಾರಿಸಿಕೊಳ್ಳುವ ಅವಕಾಶ ನೀಡುತ್ತದೆ.
೨. ಸಮಾಜವು ತನ್ನ ಹಿತಕ್ಕಾಗಿ ಅನುಮತಿಸಿದಷ್ಟನ್ನು ಬಿಟ್ಟು ಖಾಸಗಿ ಒಡೆತನದ ಹಕ್ಕನ್ನು ಇದು ಮಾನ್ಯ ಮಾಡುವುದಿಲ್ಲ.
೩. ಸಂಪತ್ತಿನ ಒಡೆತನ ಮತ್ತು ಬಳಕೆಯನ್ನು ಕಾನೂನಿನಿಂದ ನಿಯಂತ್ರಿಸುವುದನ್ನು ಇದು ತಳ್ಳಿಹಾಕುವುದಿಲ್ಲ.
೪. ಸ್ವಾರ್ಥಕ್ಕಾಗಿ ಅಥವಾ ಸಮಾಜದ ಹಿತವನ್ನು ಕಡೆಗಣಿಸಿ ಸಂಪತ್ತನ್ನು ಬಳಸುವ ಸ್ವಾತಂತ್ರ್ಯ ವ್ಯಕ್ತಿಗೆ ಇರುವುದಿಲ್ಲ.
೫. ಕನಿಷ್ಠ ಜೀವನವೇತನದಂತೆ ಗರಿಷ್ಠ ಆದಾಯಕ್ಕೂ ಮಿತಿ ಇರಬೇಕು. ಇವೆರಡರ ನಡುವಿನ ಅಂತರ ಕ್ರಮೇಣ ಅಳಿಯುವತ್ತ ಸಾಗಬೇಕು.
೬. ಏನನ್ನು ಉತ್ಪಾದಿಸಬೇಕೆಂಬುದನ್ನು ಸಮಾಜದ ಅಗತ್ಯ ನಿರ್ಧರಿಸಬೇಕು, ವ್ಯಕ್ತಿಯ ದುರಾಸೆಯಲ್ಲ.

ದಾನಕ್ಕೂ ಧರ್ಮದರ್ಶಿತ್ವಕ್ಕೂ ಇರುವ ವ್ಯತ್ಯಾಸ

ಶ್ರೀಮಂತನು ಸಮಾಜದ ಟ್ರಸ್ಟಿ ಎಂಬ ಮಾತನ್ನು ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಗಾಂಧಿಯವರಿಗಿಂತ ಮೊದಲೇ ಆಡಿದ್ದನು. ೧೮೮೯ರಲ್ಲಿ ಪ್ರಕಟವಾದ ಸಂಪತ್ತಿನ ಕುರಿತ ತನ್ನ ಪ್ರಬಂಧದಲ್ಲಿ ಆತನು, ಹೆಚ್ಚುವರಿ ಹಣವನ್ನು ಸಣ್ಣ ಮೊತ್ತಗಳಲ್ಲಿ ಜನರಿಗೆ ಹಂಚುವುದಕ್ಕಿಂತ ಸಾರ್ವಜನಿಕ ಸಂಸ್ಥೆಗಳಿಗೆ ವಿನಿಯೋಗಿಸುವುದೇ ಲೇಸು ಎಂದು ವಾದಿಸಿದನು. ತನ್ನ ಸಂಪತ್ತಿನ ಬಹುಪಾಲನ್ನು ದಾನ ಮಾಡಿದನು. ಆ ಹಣದಿಂದ ೨,೫೦೦ಕ್ಕೂ ಹೆಚ್ಚು ಗ್ರಂಥಾಲಯಗಳು ಕಟ್ಟಲ್ಪಟ್ಟವು. ಆದರೆ ೧೮೯೨ರಲ್ಲಿ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್‌ನಲ್ಲಿದ್ದ ಆತನ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕಡಿತದ ವಿವಾದ ಹುಟ್ಟಿದಾಗ ವ್ಯವಸ್ಥಾಪಕ ಹೆನ್ರಿ ಫ್ರಿಕ್ ಕಾರ್ಮಿಕರನ್ನು ಹೊರಹಾಕಿ, ಪಿಂಕರ್ಟನ್ ಸಂಸ್ಥೆಯ ಕಾವಲುಗಾರರನ್ನು ಕರೆಸಿದನು. ಜುಲೈ ೬ರಂದು ನಡೆದ ಘರ್ಷಣೆಯಲ್ಲಿ ಎರಡೂ ಕಡೆಯವರು ಸಾವಿಗೀಡಾದರು. ಕಾರ್ಮಿಕ ಸಂಘ ಅಲ್ಲಿ ಮುರಿದುಬಿತ್ತು. ಆ ಸಮಯದಲ್ಲಿ ಕಾರ್ನೆಗಿ ಸ್ಕಾಟ್ಲೆಂಡಿನಲ್ಲಿದ್ದನು.

ಕಾರ್ನೆಗಿಯ ಚಿಂತನೆಯಲ್ಲಿ ಗಳಿಕೆ ಮಾರುಕಟ್ಟೆಯ ನಿಯಮಕ್ಕೆ ಸೇರಿದ್ದು, ನೈತಿಕತೆ ಆರಂಭವಾಗುವುದು ಗಳಿಸಿದ ಹಣದ ವಿನಿಯೋಗದಲ್ಲಿ. ಗಾಂಧಿಯವರ ಧರ್ಮದರ್ಶಿತ್ವವು ಕೂಲಿ, ಕೆಲಸದ ಸ್ಥಿತಿ, ಲಾಭದ ಪ್ರಮಾಣ ಇವುಗಳನ್ನೂ ನೈತಿಕ ವಿಚಾರಣೆಗೆ ಒಳಪಡಿಸುತ್ತದೆ. ಕೂಲಿಯಲ್ಲಿ ಅನ್ಯಾಯ ಮಾಡಿ ಗ್ರಂಥಾಲಯ ಕಟ್ಟಿಸಿದವನು ಈ ಅರ್ಥದಲ್ಲಿ ದಾನಿಯಾಗಬಹುದೇ ಹೊರತು ಧರ್ಮದರ್ಶಿಯಾಗಲಾರ.

ಇದಕ್ಕೆ ಹತ್ತಿರವಾದ ನಿಲುವು ಹನ್ನೆರಡನೆಯ ಶತಮಾನದ ಶರಣರ ಕಾಯಕ ಮತ್ತು ದಾಸೋಹ ತತ್ತ್ವಗಳಲ್ಲಿ ಕಾಣುತ್ತದೆ. ದಾಸೋಹಕ್ಕೆ ಸಲ್ಲುವ ದ್ರವ್ಯ ಸತ್ಯಶುದ್ಧ ಕಾಯಕದಿಂದ ಬಂದಿರಬೇಕು. ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಿರುಗಿಸಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಕನ್ನಡ ನಾಡಿನಲ್ಲಿ ಪ್ರಸಿದ್ಧವಾಗಿದೆ. ಎರಡು ಚಿಂತನೆಗಳ ನಡುವಿನ ಈ ಸಂಬಂಧ ಸಾಮ್ಯದ್ದೇ ಹೊರತು ನೇರ ಪ್ರಭಾವದ್ದಲ್ಲ.

ಟೀಕೆಗಳು

ಜವಾಹರಲಾಲ್ ನೆಹರೂ ೧೯೩೬ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ, ಒಬ್ಬ ವ್ಯಕ್ತಿಗೆ ಅಂಕೆಯಿಲ್ಲದ ಅಧಿಕಾರ ಮತ್ತು ಸಂಪತ್ತನ್ನು ಕೊಟ್ಟು ಅದನ್ನು ಆತನು ಲೋಕಹಿತಕ್ಕೇ ಬಳಸುವನೆಂದು ನಿರೀಕ್ಷಿಸುವುದು ವಿವೇಕವೇ ಎಂದು ಪ್ರಶ್ನಿಸಿದರು. ಅದೇ ವರ್ಷ ಜಯಪ್ರಕಾಶ ನಾರಾಯಣರೂ 'ವೈ ಸೋಷಿಯಲಿಸಂ' ಕೃತಿಯಲ್ಲಿ ಸಮಾಜವಾದಿ ದೃಷ್ಟಿಯಿಂದ ಇದನ್ನು ಖಂಡಿಸಿದರು. ಮುಂದೆ ಅವರು ಸರ್ವೋದಯ ಚಳವಳಿಯನ್ನು ಸೇರಿದರು. ಬಿ. ಆರ್. ಅಂಬೇಡ್ಕರ್ ಅವರ ೧೯೪೫ರ ಕೃತಿಯಲ್ಲಿನ ಟೀಕೆ ಇನ್ನೂ ತೀಕ್ಷ್ಣವಾಗಿದೆ. ಆಸ್ತಿವಂತರನ್ನು ನೋಯಿಸದೆ ವರ್ಗಭೇದವನ್ನು ಹಾಗೆಯೇ ಉಳಿಸುವ ಧರ್ಮದರ್ಶಿತ್ವ ಹಾಸ್ಯಾಸ್ಪದವಾದುದು ಎಂಬುದು ಅವರ ನಿಲುವು.

ಈ ಟೀಕೆಗಳಲ್ಲಿ ಸಮಾನವಾದ ಅಂಶವೊಂದಿದೆ. ಕಾನೂನಿನ ಟ್ರಸ್ಟಿಯು ಲೆಕ್ಕ ಒಪ್ಪಿಸಬೇಕು, ತಪ್ಪಿದರೆ ನ್ಯಾಯಾಲಯವು ಅವನನ್ನು ತೆಗೆದುಹಾಕಬಲ್ಲದು. ಮಾಲೀಕನೇ ತನ್ನನ್ನು ಟ್ರಸ್ಟಿ ಎಂದು ಕರೆದುಕೊಂಡಾಗ ಅವನಿಂದ ಲೆಕ್ಕ ಕೇಳುವವರು ಯಾರು, ಯಾರಿಗಾಗಿ ಸಂಪತ್ತು ಇದೆಯೋ ಆ ಜನರಿಗೆ ನಿರ್ಧಾರದಲ್ಲಿ ಪಾಲು ಉಂಟೇ ಎಂಬ ಪ್ರಶ್ನೆಗಳಿಗೆ ಸಿದ್ಧಾಂತದ ಆರಂಭಿಕ ರೂಪದಲ್ಲಿ ಸ್ಪಷ್ಟ ಉತ್ತರವಿರಲಿಲ್ಲ. ನಂತರದ ಸೂತ್ರದಲ್ಲಿ ಕಾನೂನಿನ ನಿಯಂತ್ರಣ ಮತ್ತು ಆದಾಯದ ಮಿತಿ ಕಾಣಿಸಿಕೊಂಡಿರುವುದು ಈ ಕೊರತೆಯನ್ನು ತುಂಬುವ ದಿಕ್ಕಿನಲ್ಲಿದೆ.

ಉದ್ಯಮಗಳಲ್ಲಿ ಅನ್ವಯ

ಧರ್ಮದರ್ಶಿತ್ವಕ್ಕೆ ಹತ್ತಿರವಾದ ಪ್ರಯೋಗಗಳಲ್ಲಿ ಬ್ರಿಟನ್ನಿನ ಸ್ಕಾಟ್ ಬೇಡರ್ ರಾಸಾಯನಿಕ ಸಂಸ್ಥೆಯೂ ಒಂದು. ಅದರ ಸ್ಥಾಪಕ ಅರ್ನೆಸ್ಟ್ ಬೇಡರ್ ೧೯೫೧ರಲ್ಲಿ ಶೇಕಡಾ ೯೦ರಷ್ಟು ಷೇರುಗಳನ್ನು ನೌಕರರ ಸಾಮೂಹಿಕ ಒಡೆತನದ ಸಂಸ್ಥೆಗೆ ವಹಿಸಿದರು. ಉಳಿದ ಶೇಕಡಾ ೧೦ನ್ನು ೧೯೬೩ರಲ್ಲಿ ಬಿಟ್ಟುಕೊಟ್ಟರು. ಅತಿ ಹೆಚ್ಚು ಮತ್ತು ಅತಿ ಕಡಿಮೆ ಸಂಬಳಗಳ ನಡುವಿನ ಅಂತರಕ್ಕೂ ಅಲ್ಲಿ ಮಿತಿ ಹಾಕಲಾಗಿತ್ತು. ಇ. ಎಫ್. ಶೂಮಾಕರ್ ೧೯೭೩ರ 'ಸ್ಮಾಲ್ ಈಸ್ ಬ್ಯೂಟಿಫುಲ್' ಕೃತಿಯಲ್ಲಿ ಈ ಪ್ರಯೋಗವನ್ನು ವಿವರಿಸಿದ್ದಾರೆ.

ಭಾರತದಲ್ಲಿ ಟಾಟಾ ಸನ್ಸ್ ಸಂಸ್ಥೆಯ ಸುಮಾರು ಶೇಕಡಾ ೬೬ರಷ್ಟು ಷೇರುಗಳು ದತ್ತಿ ಟ್ರಸ್ಟುಗಳ ಕೈಯಲ್ಲಿವೆ. ಜಮ್‌ಶೇಟ್‌ಜಿ ಟಾಟಾ ಅವರ ಕೊಡುಗೆ ಹಾಗೂ ಮೈಸೂರು ಸಂಸ್ಥಾನ ನೀಡಿದ ಜಮೀನಿನಿಂದ ೧೯೦೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪುಗೊಂಡಿತು. ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ೧೯೧೨ರಲ್ಲಿಯೇ ಎಂಟು ಗಂಟೆಗಳ ದುಡಿಮೆ ಜಾರಿಗೆ ಬಂದಿತ್ತು. ಆದರೂ ೧೯೨೦ ಮತ್ತು ೧೯೨೮ರಲ್ಲಿ ಅಲ್ಲಿ ದೊಡ್ಡ ಮುಷ್ಕರಗಳಾದವು. ಸಂಘಟನೆಯ ಮಾನ್ಯತೆಗಾಗಿಯೂ ಅಲ್ಲಿನ ಕಾರ್ಮಿಕರು ಹೋರಾಡಬೇಕಾಯಿತು.

ಬೆಂಗಳೂರು ಮೂಲದ ವಿಪ್ರೊ ಸಂಸ್ಥೆಯ ಅಜೀಂ ಪ್ರೇಮ್‌ಜಿ ೨೦೧೯ರ ಮಾರ್ಚ್‌ನಲ್ಲಿ ತಮ್ಮ ಒಡೆತನದ ಇನ್ನೂ ಶೇಕಡಾ ೩೪ರಷ್ಟು ಷೇರುಗಳ ಆರ್ಥಿಕ ಲಾಭವನ್ನು ತಮ್ಮ ಪ್ರತಿಷ್ಠಾನಕ್ಕೆ ಬಿಟ್ಟುಕೊಟ್ಟರು. ಇದರೊಂದಿಗೆ ಹೀಗೆ ಮೀಸಲಾದ ಪಾಲು ಶೇಕಡಾ ೬೭ಕ್ಕೆ ಏರಿತು. ಷೇರುಗಳ ಮೇಲಿನ ನಿಯಂತ್ರಣವನ್ನು ಅವುಗಳ ಫಲದಿಂದ ಬೇರ್ಪಡಿಸುವ ಈ ಕ್ರಮವನ್ನು ಧರ್ಮದರ್ಶಿತ್ವದ ಕಲ್ಪನೆಯೊಂದಿಗೆ ಹೋಲಿಸಬಹುದು.

ಭಾರತದ ೨೦೧೩ರ ಕಂಪನಿ ಕಾಯ್ದೆಯ ೧೩೫ನೆಯ ಕಲಮು ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ ೨ನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕೆಂದು ವಿಧಿಸುತ್ತದೆ. ೫೦೦ ಕೋಟಿ ರೂಪಾಯಿ ನಿವ್ವಳ ಮೌಲ್ಯ, ೧,೦೦೦ ಕೋಟಿ ವಹಿವಾಟು ಅಥವಾ ೫ ಕೋಟಿ ನಿವ್ವಳ ಲಾಭ ಇದಕ್ಕೆ ಮಾನದಂಡ. ಲಾಭದಲ್ಲಿ ಸಮಾಜಕ್ಕೂ ಪಾಲುಂಟು ಎಂಬ ತತ್ತ್ವಕ್ಕೆ ಇದರಿಂದ ಕಾನೂನಿನ ಬಲ ದೊರೆತಿದೆ. ಕಂಪನಿಯೊಳಗಿನ ಕೂಲಿ, ಗುತ್ತಿಗೆ ನೌಕರರ ಸ್ಥಿತಿ, ಮೇಲಧಿಕಾರಿಗಳ ಮತ್ತು ಕೆಲಸಗಾರರ ಸಂಬಳದ ಅಂತರ ಇವು ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ. ೧೯೧೮ರಲ್ಲಿ ಅಹಮದಾಬಾದಿನ ನೇಯ್ಗೆ ಕಾರ್ಮಿಕರು ಎತ್ತಿದ ಪ್ರಶ್ನೆ ಮಾತ್ರ ಈ ಎರಡನೆಯ ಬಗೆಯದಾಗಿತ್ತು.