ಗಲ್ಲ ಸ್ವಲ್ಪ ಮೇಲೆ, ಕಣ್ಣು ಇಲ್ಲಿ!

ಶಾಲೆ ಕಾಲೇಜು ಶುರುವಾಗುವ ಹೊತ್ತಿಗೆ ಸಣ್ಣ ಊರಿನ ಫೋಟೊ ಸ್ಟುಡಿಯೊ ಮುಂದೆ ನಿಂತು ನೋಡಿ. ಬಸ್ ಪಾಸಿಗೆ ಎರಡು, ಹಾಸ್ಟೆಲ್ ಅರ್ಜಿಗೆ ಎರಡು, ವಿದ್ಯಾರ್ಥಿ ವೇತನಕ್ಕೆ ಒಂದು, ಇರಲಿ ಎಂದು ಇನ್ನೂ ನಾಲ್ಕು. ಎಲ್ಲರಿಗೂ ಅರ್ಜೆಂಟು, ಎಲ್ಲರಿಗೂ ನಾಳೆಯೇ ಕೊನೆಯ ದಿನ. ಒಳಗೆ ಗೋಡೆಯ ಕನ್ನಡಿ, ಅದರ ಪಕ್ಕ ದಾರಕ್ಕೆ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ, ಮೊಳೆಗೆ ನೇತುಹಾಕಿದ ಒಂದು ಕಪ್ಪು ಕೋಟು. ಆ ಒಂದೇ ಕೋಟಿನೊಳಗೆ ಊರಿನ ಎಷ್ಟು ಪದವೀಧರರು ಹೊಕ್ಕು ಹೊರಬಂದಿದ್ದಾರೋ, ಲೆಕ್ಕ ಇಟ್ಟವರಿಲ್ಲ. ಮಗನ ಕಾಲರ್ ಸರಿಮಾಡಲು ಅಪ್ಪ ಮಧ್ಯೆ ನುಗ್ಗುತ್ತಾನೆ. 'ಸ್ವಲ್ಪ ನಗೋ' ಎಂದು ಅಮ್ಮ ಬಾಗಿಲಿನಿಂದಲೇ ಕೂಗುತ್ತಾಳೆ. ಅರ್ಜಿಯ ಫೋಟೊದಲ್ಲಿ ಹಲ್ಲು ಕಾಣಿಸಬಾರದು ಎಂದು ಸ್ಟುಡಿಯೊದವನು ಸಮಾಧಾನದಿಂದ ತಿಳಿಸಿ ಹೇಳಬೇಕು.

ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಕಡೆಯವರಿಗೆ ಈ ಪ್ರತಿ ತೆಗೆಯುವ ಕೆಲಸ ಹೊಸದೇನಲ್ಲ. ಅಲ್ಲಿನ ಬಂಡೆಯ ಮೇಲೆ, ಪಕ್ಕದ ಬ್ರಹ್ಮಗಿರಿಯಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ.ಎಲ್. ರೈಸ್ ಹೊರಜಗತ್ತಿಗೆ ತಿಳಿಸಿದರು. ಶಾಸನ ತಜ್ಞರು ಬಂಡೆಯ ಅಕ್ಷರ ಓದಲು ಇಂದಿಗೂ ಬಳಸುವ ಒಂದು ವಿಧಾನವಿದೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಅರೆ ಒಣಗಿದ ಮೇಲೆ ಕಪ್ಪು ಶಾಯಿ ಒತ್ತುತ್ತಾರೆ. ಕೊರೆದ ಅಕ್ಷರ ಬಿಳಿಯಾಗಿ ಉಳಿದು ಸುತ್ತಲಿನ ಕಲ್ಲು ಕಪ್ಪಾಗುತ್ತದೆ. ಹಳೆಯ ಫೋಟೊ ನೆಗೆಟಿವ್ ನೋಡಿದವರಿಗೆ ಇದು ಕೂಡಲೇ ಅರ್ಥವಾದೀತು. ಶಾಸನದ ಕೊನೆಗೆ ಅದನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನೂ ಹಾಕಿಕೊಂಡಿದ್ದಾನೆ, ಸ್ಟುಡಿಯೊದವರು ಫೋಟೊದ ಮೂಲೆಯಲ್ಲಿ ಮೊಹರು ಒತ್ತುವ ಹಾಗೆ! ತಂದೆ ತಾಯಿಯ ಮಾತು ಕೇಳಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು ಎಂಬುದು ಆ ಶಾಸನದ ವಿಷಯಗಳಲ್ಲಿ ಒಂದು. ಮಕ್ಕಳಿಗೆ ಅದು ಹೊಸ ಮಾತೇನಲ್ಲ ಬಿಡಿ.

ಸ್ಟುಡಿಯೊದ ನಿಜವಾದ ದುಡಿಮೆ ನಡೆಯುತ್ತಿದ್ದುದು ಒಳಗಿನ ಕತ್ತಲೆ ಕೋಣೆಯಲ್ಲಿ. ಫಿಲ್ಮಿನ ಮೇಲಿರುವ ಬೆಳ್ಳಿಯ ಲವಣದ ಕಣಗಳಿಗೆ ಬೆಳಕು ತಾಗಿದರೂ ಕಣ್ಣಿಗೆ ಏನೂ ಕಾಣದು. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಬೆಳಕು ತಾಗಿದ ಕಣಗಳು ಕಪ್ಪು ಬೆಳ್ಳಿಯಾಗುತ್ತವೆ. ಬೆಳಕು ತಾಗದ ಲವಣವನ್ನು ಹೈಪೊ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿ ಒಯ್ಯುತ್ತದೆ. ಆಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹೈಪೊ ಉಳಿದರೆ ಕೆಲವೇ ವರ್ಷಗಳಲ್ಲಿ ಫೋಟೊ ಹಳದಿಯಾಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರವಾಗುವ ಈ ಸೀಮೆಯಲ್ಲಿ 'ಚೆನ್ನಾಗಿ ತೊಳೆಯಿರಿ' ಎಂದು ಪುಸ್ತಕದಲ್ಲಿ ಬರೆಯುವುದು ಸುಲಭ. ಪ್ರಿಂಟ್ ಕಾಗದಕ್ಕೆ ಕೆಂಪು ಬೆಳಕು ತಾಗದು, ಹಾಗಾಗಿ ಕೆಂಪು ದೀಪ. ಫಿಲ್ಮಿಗೆ ಅದೂ ಆಗದು, ಪೂರ್ತಿ ಕತ್ತಲೆಯಲ್ಲಿ ಬೆರಳಿನ ಅಂದಾಜಿನ ಮೇಲೆಯೇ ಕೆಲಸ. ಪ್ರೌಢಶಾಲೆಯ ರಸಾಯನಶಾಸ್ತ್ರದ ಅರ್ಧ ಪಾಠ ಆ ಕೋಣೆಯಲ್ಲಿತ್ತು.

'ಮೂರು ದಿನ ಬಿಟ್ಟು ಬನ್ನಿ' ಎನ್ನುತ್ತಿದ್ದುದು ಸೋಮಾರಿತನದಿಂದಲ್ಲ. 120 ರೋಲಿನಲ್ಲಿ 12 ಚೌಕ ಚಿತ್ರಗಳು. ಹನ್ನೆರಡೂ ಮುಗಿಯದೆ ರೋಲು ತೊಳೆದರೆ ನಷ್ಟ. ನಿಮ್ಮದು ಮೂರನೆಯದಾದರೆ ಇನ್ನು ಒಂಬತ್ತು ಮುಖಗಳು ಬರುವವರೆಗೆ ಕಾಯಬೇಕು. ಆ ಕಾಲದ ಕಪ್ಪು ಬಿಳುಪು ಫಿಲ್ಮುಗಳಲ್ಲಿ ಒಂದರ ಹೆಸರು 'ಇಂದು'. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಅದನ್ನು ತಯಾರಿಸುತ್ತಿತ್ತು. ಕತ್ತಲೆಯಲ್ಲಿ ಬಿಚ್ಚುವ ಫಿಲ್ಮಿಗೆ ಚಂದ್ರನ ಹೆಸರು! ಈಗ ಆ ಕಾರ್ಖಾನೆಯೂ ಇಲ್ಲ. ಕಲರ್ ಬಂದ ಮೇಲೆ ಸಣ್ಣ ಊರುಗಳ ರೋಲುಗಳು ಬಸ್ಸಿನಲ್ಲಿ ದೊಡ್ಡ ಊರಿನ ಲ್ಯಾಬಿಗೆ ಹೋಗಿ, ಲಕೋಟೆಯಲ್ಲಿ ಪ್ರಿಂಟುಗಳಾಗಿ ಮರಳುತ್ತಿದ್ದವು. ಮದುವೆ ಮನೆಯವರು ಆ ಬಸ್ಸಿಗೆ ಕಾಯುತ್ತಿದ್ದರು.

ಮದುವೆ ಎಂದರೆ ಬೇಸಿಗೆಯಲ್ಲಿ ಒಂದೇ ದಿನ ಎರಡು ಮೂರು ಮುಹೂರ್ತ. ಆಷಾಢದಲ್ಲಿ ನೊಣ ಹೊಡೆಯುವ ಕೆಲಸ. ನಡುವೆ ಶಾಲೆಯ ಗ್ರೂಪ್ ಫೋಟೊ: ಮುಂದೆ ಕುರ್ಚಿಯಲ್ಲಿ ಮೇಷ್ಟ್ರುಗಳು, ಹಿಂದೆ ಬೆಂಚಿನ ಮೇಲೆ ಹುಡುಗರು. ಅಷ್ಟೂ ಜನರಲ್ಲಿ ಒಬ್ಬನಾದರೂ ಕಣ್ಣು ಮುಚ್ಚದ ಗ್ರೂಪ್ ಫೋಟೊ ಇದ್ದರೆ ತೋರಿಸಿ.

1993ರಲ್ಲಿ ಶೇಷನ್ ಅವರ ಚುನಾವಣಾ ಆಯೋಗ ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಕೊಡಬೇಕೆಂದು ಆದೇಶಿಸಿತು. ಅಲ್ಲಿಯವರೆಗೆ ಕ್ಯಾಮೆರಾದ ಮುಂದೆ ಕೂತೇ ಇರದ ಅದೆಷ್ಟೋ ಅಜ್ಜ ಅಜ್ಜಿಯರಿಗೆ ಅದೇ ಮೊದಲ ಫೋಟೊ. ಈಗ ಆಧಾರ್ ಕೇಂದ್ರದವರೂ ಪಾಸ್‌ಪೋರ್ಟ್ ಕೇಂದ್ರದವರೂ ತಾವೇ ಫೋಟೊ ತೆಗೆದುಕೊಳ್ಳುತ್ತಾರೆ. ಉಳಿದದ್ದಕ್ಕೆ ಎಲ್ಲರ ಜೇಬಿನಲ್ಲಿ ಮೊಬೈಲ್ ಇದೆ. ಫಿಲ್ಮಿನ ದೊರೆಯೆನಿಸಿದ್ದ ಕೊಡಾಕ್ ಕಂಪನಿಯೇ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು 1975ರಲ್ಲಿ ತಯಾರಿಸಿದ್ದು ಅದೇ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಎಂಬುದು ಬೇರೆ ಮಾತು.

ಆದರೂ ಸ್ಟುಡಿಯೊದಲ್ಲಿ ಸಂದಣಿ ಪೂರ್ತಿ ಕಡಿಮೆಯಾಗಿಲ್ಲ. ಹಿನ್ನೆಲೆ ಬಿಳಿಯಿರಬೇಕು, ಅಗಲ 35, ಎತ್ತರ 45 ಮಿಲಿಮೀಟರ್, ಫೈಲು 50 ಕೆಬಿ ಮೀರಬಾರದು. ಈ ಷರತ್ತುಗಳ ಮುಂದೆ ಮೊಬೈಲ್ ಶೂರರೂ ಸೋತು ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಒಂದು ಕೆಬಿ ಹೆಚ್ಚಾದದ್ದಕ್ಕೆ ಅರ್ಜಿ ತಿರಸ್ಕೃತವಾದರೆ ಹುಡುಗಿಯ ವರ್ಷವೇ ಹೋದೀತೆಂಬ ಭಯ ಅವಳ ಅಪ್ಪನದು.

ಇನ್ನೊಂದು ಬಗೆಯ ಗಿರಾಕಿಗಳಿದ್ದಾರೆ. ಅವರಿಗೆ ಗದ್ದಲವಿಲ್ಲ, ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಾರೆ. ಕೈಯಲ್ಲಿ ಗುರುತಿನ ಚೀಟಿ, ಇಲ್ಲವೇ ಯಾರದೋ ಮದುವೆಯ ಗ್ರೂಪ್ ಫೋಟೊ. ಅದರ ಮೂಲೆಯಲ್ಲಿ ಉಗುರಿನಷ್ಟು ಕಾಣುವ ಮುಖ ನಿನ್ನೆ ಮೊನ್ನೆ ತೀರಿಕೊಂಡ ಅವ್ವನದು. ತಿಥಿಯ ಹೊತ್ತಿಗೆ ಅದನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಬೇಕು. ಬೇರೆ ಫೋಟೊ ಇಲ್ಲ. ಆಗ ಸ್ಟುಡಿಯೊದವನು ಸಾಲಿನಲ್ಲಿರುವ ಎಲ್ಲ ಅರ್ಜೆಂಟುಗಳನ್ನೂ ಬದಿಗಿಡುತ್ತಾನೆ. ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದುತ್ತಿದ್ದ, ಈಗ ಕಂಪ್ಯೂಟರಿನಲ್ಲಿ. ಮಸುಕಾದ ಹುಬ್ಬು ಹೇಗಿತ್ತೆಂದು ಮಗಳನ್ನು ಕೇಳಿ ಕೇಳಿ ಸರಿಪಡಿಸುತ್ತಾನೆ.

ಹಳೆಯ ಸ್ಟುಡಿಯೊ ಮುಚ್ಚಿದಾಗ ನೆಗೆಟಿವ್ ಡಬ್ಬಿಗಳು ಗುಜರಿಗೆ ಹೋಗುತ್ತವೆ, ಇಲ್ಲವೇ ಅಟ್ಟದಲ್ಲಿ ಹುಳಿ ವಾಸನೆ ಹಿಡಿದು ಸುರುಟಿಕೊಳ್ಳುತ್ತವೆ. ಊರಿನ ಎರಡು ತಲೆಮಾರಿನ ಮುಖಗಳು ಅವುಗಳ ಜೊತೆ ಹೋಗುತ್ತವೆ. ರಜೆಯಲ್ಲಿರುವ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ನಿಮ್ಮ ಅಜ್ಜಿ ಇನ್ನೂ ಎಲ್ಲರನ್ನೂ ಗುರುತು ಹಿಡಿಯುತ್ತಿರುವಾಗಲೇ ಮನೆಯ ಹಳೆಯ ಫೋಟೊಗಳನ್ನು ಮುಂದಿಟ್ಟುಕೊಂಡು, ಯಾರು, ಯಾವ ಊರು, ಯಾವ ವರ್ಷ ಎಂದು ಕೇಳಿ, ಹಿಂಬದಿಯಲ್ಲಿ ಬರೆದಿಡಿ. ಬಾಲ್‌ಪೆನ್ ಬೇಡ, ಒತ್ತು ಮುಖದ ಮೇಲೆ ಮೂಡುತ್ತದೆ. ಮೆತ್ತಗಿನ ಪೆನ್ಸಿಲ್ ಸಾಕು.