ಹಗ್ಗ ಎಳೆದರೂ ಚಾಲನೆಗೊಳ್ಳದ ಹುಲ್ಲು ಕತ್ತರಿಸುವ ಯಂತ್ರ: ದೋಷ ಎಲ್ಲಿದೆ?

ಮುಂಗಾರು ಮಳೆ ಬಿದ್ದೊಡನೆ ಅಂಗಳದ ಹುಲ್ಲು ಎತ್ತರಕ್ಕೆ ಬೆಳೆದಿರುತ್ತದೆ. ತಿಂಗಳುಗಟ್ಟಲೆ ಮೂಲೆ ಸೇರಿದ್ದ ಪೆಟ್ರೋಲ್ ಚಾಲಿತ ಯಂತ್ರವನ್ನು ಹೊರತೆಗೆದು ಹಗ್ಗ ಎಳೆದರೆ ತೋಳು ಸೋಲುತ್ತದೆಯೇ ಹೊರತು ಎಂಜಿನ್ ಚಾಲನೆಗೊಳ್ಳುವುದಿಲ್ಲ. ಆಗ ಸ್ಪಾರ್ಕ್ ಪ್ಲಗ್ ಬದಲಿಸಲು ಮುಂದಾಗುವವರೇ ಹೆಚ್ಚು. ಆದರೆ ಬಹುಕಾಲ ನಿಂತ ಯಂತ್ರದಲ್ಲಿ ಮೊದಲು ಶಂಕಿಸಬೇಕಾದುದು ಹಳೆಯ ಪೆಟ್ರೋಲನ್ನು.

ಹಲವು ಬಾರಿ ಹಗ್ಗ ಎಳೆದ ನಂತರ ಪ್ಲಗ್ ಬಿಚ್ಚಿ ನೋಡಿದರೆ ಅರ್ಧ ಉತ್ತರ ದೊರೆಯುತ್ತದೆ. ತುದಿ ಒಣಗಿದ್ದರೆ ಪೆಟ್ರೋಲ್ ಸಿಲಿಂಡರ್ ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ಕಿಡಿ ಇಲ್ಲ, ಇಲ್ಲವೇ ಚೋಕ್ ಅತಿಯಾಗಿ ಬಳಸಿದ್ದರಿಂದ ಪೆಟ್ರೋಲ್ ತುಂಬಿಕೊಂಡಿದೆ.

ಕಿಡಿಯ ಪರೀಕ್ಷೆಗೆ ಮುನ್ನ ಪೆಟ್ರೋಲ್ ನಲ್ಲಿ ಮುಚ್ಚಿ, ವಾಸನೆ ಪೂರ್ಣ ಆರಲು ಬಿಡಬೇಕು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ರಂಧ್ರದಿಂದ ದೂರದಲ್ಲಿ ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆದಾಗ ನೀಲಿ ಕಿಡಿ ಕಾಣಬೇಕು. ಪ್ಲಗ್ಗನ್ನು ರಬ್ಬರ್ ಹಿಡಿಯ ಇಕ್ಕಳದಲ್ಲೇ ಹಿಡಿಯಬೇಕು. ಅನೇಕ ಯಂತ್ರಗಳಲ್ಲಿ ಹಿಡಿಕೆಯ ಸುರಕ್ಷಾ ಸನ್ನೆಯನ್ನು ಒತ್ತಿ ಹಿಡಿಯದಿದ್ದರೆ ಕಿಡಿ ಬರುವುದೇ ಇಲ್ಲ. ಇದನ್ನು ಮರೆತು ಕಾಯಿಲ್ ಬದಲಿಸುವುದು ವ್ಯರ್ಥ ಖರ್ಚು. ಅಲಗು ಕಲ್ಲಿಗೆ ಬಡಿದ ಬಳಿಕ ಯಂತ್ರ ನಿಂತಿದ್ದರೆ, ಫ್ಲೈವೀಲ್‌ನ ಪುಟ್ಟ ಕೀಲಿ ತುಂಡಾಗಿರಬಹುದು. ಆಗ ಕಿಡಿ ಬರುತ್ತದೆ, ಆದರೆ ತಪ್ಪು ಕ್ಷಣದಲ್ಲಿ.

ಕಿಡಿ ಸರಿಯಿದ್ದು ಪ್ಲಗ್ ಒಣಗಿದ್ದರೆ ಕಾರ್ಬ್ಯುರೇಟರ್ ಕಡೆ ತಿರುಗಬೇಕು. ಪೆಟ್ರೋಲ್ ಆವಿಯಾಗಿ ಉಳಿದ ಅಂಟು, ಸೂಜಿಮೊನೆಯಷ್ಟು ಸಣ್ಣದಾದ ಜೆಟ್ ರಂಧ್ರವನ್ನು ಮುಚ್ಚಿಬಿಡುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20 ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ; ನೀರು ಮಿತಿ ಮೀರಿದರೆ ಎರಡೂ ಬೇರ್ಪಟ್ಟು ತಳ ಸೇರುತ್ತವೆ. ಅನೇಕ ಸಣ್ಣ ಎಂಜಿನ್‌ಗಳ ಕೈಪಿಡಿಗಳು ಶೇ 10ಕ್ಕಿಂತ ಹೆಚ್ಚು ಎಥನಾಲ್ ಬೇಡವೆನ್ನುತ್ತವೆ. ಖರೀದಿಗೆ ಮುನ್ನ ಇದನ್ನು ಕೇಳಿ ತಿಳಿಯುವುದು ಒಳಿತು.

ಬಟ್ಟಲು ಬಿಚ್ಚಿ, ಜೆಟ್‌ಗೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಗಾಳಿ ಹಾಯಿಸಿದರೆ ಸಾಕು. ತಂತಿ ಚುಚ್ಚಿದರೆ ರಂಧ್ರ ಹಿಗ್ಗಿ ಪೆಟ್ರೋಲ್ ಅಧಿಕವಾಗುತ್ತದೆ. ಚಾಲನೆಗೊಂಡ ಎಂಜಿನ್ ಏರಿಳಿಯುತ್ತ ಮೊರೆದರೆ ಜೆಟ್ ಇನ್ನೂ ಪೂರ್ತಿ ತೆರೆದಿಲ್ಲವೆಂದೇ ತಿಳಿಯಬಹುದು. ಕಪ್ಪು ಹೊಗೆ ಬಂದರೆ ಮೊದಲು ಗಾಳಿ ಫಿಲ್ಟರ್ ನೋಡಬೇಕು.

ಅಲಗಿನ ಬಳಿ ಕೈ ಹಾಕುವ ಮುನ್ನ ಪ್ಲಗ್ ಕ್ಯಾಪ್ ಕಿತ್ತಿಡುವುದು ಕಡ್ಡಾಯ. ಅಲಗನ್ನು ಕೈಯಿಂದ ತಿರುಗಿಸಿದಾಗಲೂ ಎಂಜಿನ್ ಹೊತ್ತಿಕೊಳ್ಳಬಹುದು.